ಮರಳಿ ಬಂದಾಗ ತಂಡ ಎಲ್ಲಿರುತ್ತದೆ?

ಪೌ ಗಸೋಲ್ ಬಾರ್ಸಿಲೋನಾ ತಂಡಕ್ಕೆ ಮರಳಿದ್ದು 2021ರ ಫೆಬ್ರವರಿಯಲ್ಲಿ. ಆಗ ಅವನಿಗೆ 40 ವರ್ಷ, 7 ತಿಂಗಳು. ಅಲ್ಲಿಂದ ಹೊರಟಾಗ 21 ತುಂಬುತ್ತಿತ್ತು. ನಡುವಿನ ಇಪ್ಪತ್ತು ವರ್ಷ ಅವನು ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಆಡಿದ. ಎರಡು ಬಾರಿ ಚಾಂಪಿಯನ್ ಆದ. ಕೊನೆಗೆ ಎಡಗಾಲಿನ ಪಾದದ ಒಂದು ಸಣ್ಣ ಮೂಳೆ ಬಿರುಕುಬಿಟ್ಟು, ಎರಡು ಶಸ್ತ್ರಚಿಕಿತ್ಸೆಯಾಗಿ, ಎರಡು ವರ್ಷ ಒಂದೇ ಒಂದು ಪಂದ್ಯವನ್ನೂ ಆಡಲಾಗದೆ ಕೂತ. ಏಳು ಅಡಿ ಎತ್ತರದ ಮನುಷ್ಯನ ಇಡೀ ಭಾರ ಹೊರುವ ಪಾದ ಅದು. ನಡೆಯಲು ಸಾಧ್ಯವಾದರೆ ಸಾಕು ಎನ್ನಬೇಕಾದ ವಯಸ್ಸಿನಲ್ಲಿ ಅವನು ಆಡುತ್ತೇನೆ ಎಂದ.

ಸುದ್ದಿ ಓದಿದಾಗ ನಾನು ಊರಿನ ಮನೆಯಲ್ಲಿದ್ದೆ. ಕೊರೊನಾ ಕಾಲದಲ್ಲಿ ಎಂ.ಎ. ತರಗತಿಗಳು ಮೊಬೈಲಿನೊಳಕ್ಕೆ ಸೇರಿಕೊಂಡಿದ್ದವು. ಹಿತ್ತಲಲ್ಲಿ ನಿಂತರೆ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತಿತ್ತು. ಅಲ್ಲಿ ನಿಂತೇ ಓದಿದೆ. ಎಲ್ಲ ಕಡೆಯೂ ಒಂದೇ ಮಾತು: ಮಗ ಮನೆಗೆ ಬಂದ, ಹಳೆಯ ಗೆಳೆಯರನ್ನು ಕೂಡಿಕೊಂಡ. ಓದಲು ಹಿತವಾಗಿತ್ತು. ಆದರೆ ಒಂದು ಪ್ರಶ್ನೆ ಅಂದಿನಿಂದ ಅಂಟಿಕೊಂಡಿತು. ಇಪ್ಪತ್ತು ವರ್ಷ ಕಳೆದ ಮೇಲೆ ಅಲ್ಲಿ ಅವನನ್ನು ಕಾಯುತ್ತಿದ್ದ ಹಳೆಯ ಗೆಳೆಯರಾದರೂ ಯಾರು?

ಪಟ್ಟಿ ಹಿಡಿದು ನೋಡಿದೆ. 2000-01ರಲ್ಲಿ ಅವನ ಜೊತೆ ಆಡಿದ್ದ ಲಿಥುವೇನಿಯಾದ ಶಾರುನಾಸ್ ಯಾಸಿಕೆವಿಚ್ಯುಸ್ ಅಲ್ಲಿದ್ದ, ಆದರೆ ಕೋಚ್ ಆಗಿ. ಒಂದು ಕಾಲದಲ್ಲಿ ತನಗೆ ಚೆಂಡು ಕೊಡುತ್ತಿದ್ದವನು ಈಗ ಅಂಕಣದ ಅಂಚಿನಲ್ಲಿ ನಿಂತು ಕೂಗುತ್ತಾನೆ, ನೀನು ಎದ್ದು ಹೋಗು, ನೀನು ಬಂದು ಕೂರು ಎನ್ನುತ್ತಾನೆ. ಬಾಲ್ಯದಿಂದ ಜೊತೆಗಿದ್ದ ಹುವಾನ್ ಕಾರ್ಲೋಸ್ ನವಾರೊ 2018ರಲ್ಲೇ ಆಟ ಬಿಟ್ಟು ಕ್ಲಬ್ಬಿನ ಆಡಳಿತದ ಕಡೆಗೆ ಹೊರಳಿದ್ದ. ಅವನ 11ನೇ ನಂಬರಿನ ಅಂಗಿ ಪಲಾವ್ ಬ್ಲಾವ್‌ಗ್ರಾನಾ ಒಳಾಂಗಣದ ಸೂರಿನಲ್ಲಿ ತೂಗುತ್ತಿತ್ತು. ಅಂಕಣದಲ್ಲಿ ಉಳಿದವರಲ್ಲಿ ಹಲವರು ಪೌ ಬಾರ್ಸಿಲೋನಾ ಬಿಟ್ಟಾಗ ಪ್ರಾಥಮಿಕ ಶಾಲೆಯ ಹುಡುಗರು.

ನವಾರೊ ಮತ್ತು ಪೌ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ಮಟ್ಟಿಗೆ ಈ ಕಥೆಯ ತಿರುಳು ಅದು. ಇಬ್ಬರೂ ಹುಟ್ಟಿದ್ದು 1980ರಲ್ಲಿ, ಮೂರು ವಾರಗಳ ಅಂತರದಲ್ಲಿ. ಬಾರ್ಸಿಲೋನಾದ ಹೊರವಲಯದಲ್ಲಿ ಯೊಬ್ರೆಗಾತ್ ನದಿಯ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡ ಊರುಗಳಿವೆ. ಒಬ್ಬ ಸಾನ್ ಬೊಯ್‌ನವ, ಇನ್ನೊಬ್ಬ ಸಾನ್ ಫೆಲಿಯುನವ. ಪೌನ ತಾಯಿ ಡಾಕ್ಟರ್, ತಂದೆ ನರ್ಸ್. ಅವನೂ ಬಾರ್ಸಿಲೋನಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿ, ಆಟಕ್ಕಾಗಿ ಬಿಟ್ಟವನು. 1999ರಲ್ಲಿ ಲಿಸ್ಬನ್‌ನಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಸ್ಪೇನಿನ ಹುಡುಗರು ಅಮೆರಿಕವನ್ನು 94-87ರಿಂದ ಸೋಲಿಸಿದರು. ಆ ತಂಡದಲ್ಲಿ ನವಾರೊ ತಾರೆ. ಪೌ ಬದಲಿ ಆಟಗಾರರ ಸಾಲಿನಲ್ಲಿ ಕೂತಿದ್ದ ಒಣಕಲು ಹುಡುಗ. ಮುಂದೆ ಯಾರು ಎಲ್ಲಿಗೆ ಮುಟ್ಟುತ್ತಾರೆ ಎಂದು ಆ ದಿನ ಪಂದ್ಯ ನೋಡಿದವರು ಹೇಳಲು ಸಾಧ್ಯವೇ ಇರಲಿಲ್ಲ.

2001ರಲ್ಲಿ ಪೌ ಅಮೆರಿಕಕ್ಕೆ, ಮೆಂಫಿಸ್ ಗ್ರಿಜ್ಲೀಸ್ ತಂಡಕ್ಕೆ ಹೋದ. ನವಾರೊ ಊರಲ್ಲೇ ಉಳಿದ. ಆರು ವರ್ಷ ಕಳೆದು, 2007ರಲ್ಲಿ, ನವಾರೊನೂ ಅದೇ ಮೆಂಫಿಸ್‌ಗೆ ಬಂದ. ಇಬ್ಬರೂ ಮತ್ತೆ ಒಂದೇ ಬಣ್ಣದ ಅಂಗಿ ತೊಟ್ಟರು. ಇದೇ ನಿಜವಾದ ಪುನರ್ಮಿಲನ, ಇಬ್ಬರಿಗೂ 27, ಕಾಲಲ್ಲಿ ಕಸುವು, ಕಣ್ಣಲ್ಲಿ ಗುರಿ. ಅದು ಬಾಳಿದ್ದು ಮೂರೇ ತಿಂಗಳು. 2008ರ ಫೆಬ್ರವರಿ 1ರಂದು ಮೆಂಫಿಸ್ ತಂಡ ಪೌನನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಮಾರಿಬಿಟ್ಟಿತು. ಮಾರಿತು ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಅಲ್ಲಿ ಅದನ್ನು ಟ್ರೇಡ್ ಎನ್ನುತ್ತಾರೆ, ಸಂತೆಯ ಮಾತೇ ಅದು. ಆಟಗಾರನನ್ನು ಕೇಳುವುದು ಕಡ್ಡಾಯವಲ್ಲ. ಬೆಳಗ್ಗೆ ಒಂದು ಊರು, ಸಂಜೆಗೆ ಇನ್ನೊಂದು. ಆ ವಿನಿಮಯದಲ್ಲಿ ಮೆಂಫಿಸ್‌ಗೆ ಬಂದದ್ದರಲ್ಲಿ ಒಂದು, ಪೌನ ಸ್ವಂತ ತಮ್ಮ ಮಾರ್ಕ್‌ನನ್ನು ಆಡಿಸಿಕೊಳ್ಳುವ ಹಕ್ಕು. ಅಣ್ಣನನ್ನು ಕೊಟ್ಟು ತಮ್ಮನನ್ನು ತೆಗೆದುಕೊಂಡರು. ಆ ಋತು ಮುಗಿಯುತ್ತಲೇ ನವಾರೊ ಗಂಟುಮೂಟೆ ಕಟ್ಟಿ ಬಾರ್ಸಿಲೋನಾಕ್ಕೆ ವಾಪಸಾದ. ಗೆಳೆಯನಿಗಾಗಿ ಬಂದವನು ಗೆಳೆಯನಿಲ್ಲದ ಊರಲ್ಲಿ ಯಾಕಿರಬೇಕು?

ವೃತ್ತಿಪರ ಆಟದ ಬಗ್ಗೆ ಬರೆಯುವವರು ದುಡ್ಡನ್ನು ಹೇಳುತ್ತಾರೆ, ಅಂಕಗಳನ್ನು ಹೇಳುತ್ತಾರೆ. ಯಾರ ಜೊತೆ ಆಡಬೇಕೆನ್ನುವುದು ಆಟಗಾರನ ಕೈಯಲ್ಲಿಲ್ಲ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಯುರೋಪಿನ ಆಟಗಾರರು ಬೇಸಿಗೆ ಬಂತೆಂದರೆ ರಾಷ್ಟ್ರೀಯ ತಂಡಕ್ಕೆ ಓಡಿ ಬರುತ್ತಿದ್ದುದಕ್ಕೆ ದೇಶಪ್ರೇಮ ಒಂದೇ ಕಾರಣವೆಂದು ನನಗನ್ನಿಸುವುದಿಲ್ಲ. ಅದು ಯಾರೂ ಮಾರಲಾಗದ ತಂಡ.

ಅದರ ಒಂದು ಚಿತ್ರ 2006ರದು. ಜಪಾನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಆಡುವಾಗ ಪೌನ ಕಾಲು ಮುರಿಯಿತು. ಸ್ಪೇನ್ ಗೆದ್ದಿತು, ಆದರೆ ಫೈನಲ್‌ಗೆ ಅವನಿಲ್ಲ. ಮರುಪಂದ್ಯಕ್ಕೆ ತಂಡದವರು ಒಂದು ಟೀ ಶರ್ಟ್ ತೊಟ್ಟು ಬಂದರು. ಪೌ ಕೂಡ ಆಡುತ್ತಾನೆ ಎಂದು ಅದರ ಮೇಲೆ ಬರೆದಿತ್ತು. ಪೌ ಆಡಲಿಲ್ಲ, ಬೆಂಚಿನಲ್ಲಿದ್ದ. ಗ್ರೀಸ್ 47, ಸ್ಪೇನ್ 70. ಲಿಸ್ಬನ್‌ನ ಆ ಹುಡುಗರಲ್ಲಿ ಐವರು ಈ ತಂಡದಲ್ಲಿದ್ದರು, ಜೊತೆಗೆ ತಮ್ಮ ಮಾರ್ಕ್. ಟೂರ್ನಿಯ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನು ಪೌ ಊರುಗೋಲಿನ ದಿನಗಳಲ್ಲೇ ಪಡೆದ. ಟೀ ಶರ್ಟಿನ ಮೇಲಿನ ಮಾತುಗಳನ್ನು ನಂಬುವ ಅಭ್ಯಾಸ ನನಗಿಲ್ಲ, ಇದೊಂದನ್ನು ಬಿಟ್ಟು.

2021ರ ಮರಳುವಿಕೆಗೆ ಬರೋಣ. ಅದನ್ನು ತಾಯಿಮಡಿಲಿನ ಕಥೆಯಾಗಿಸಿದವರು ಮರೆಮಾಚಿದ್ದೊಂದಿತ್ತು. ಪೌಗೆ ಟೋಕಿಯೋ ಒಲಿಂಪಿಕ್ಸ್ ಆಡಬೇಕಿತ್ತು, ಅದನ್ನವನು ಬಚ್ಚಿಟ್ಟಿರಲೂ ಇಲ್ಲ. ಆ ಪಾದ ಓಟ ತಡೆಯುತ್ತದೋ ಇಲ್ಲವೋ ಎಂದು ನೋಡಲು ಅವನಿಗೊಂದು ಕ್ಲಬ್ ಬೇಕಿತ್ತು, ನಿಜವಾದ ಪಂದ್ಯಗಳು ಬೇಕಿದ್ದವು. ಈ ಲೆಕ್ಕಾಚಾರ ಗೊತ್ತಾದ ಮೇಲೆ ನನಗೆ ಅವನ ಮೇಲಿನ ಪ್ರೀತಿ ಹೆಚ್ಚಾಯಿತು. ಬರಿಯ ನೆನಪಿಗಾಗಿ ಮರಳುವವರಿಗಿಂತ ಕೆಲಸಕ್ಕಾಗಿ ಮರಳುವವರು ವಾಸಿ. ಮದುವೆ ಮನೆಗೆ ಬಂದು ಸುಮ್ಮನೆ ಕುರ್ಚಿಯಲ್ಲಿ ಕೂತವರಿಗಿಂತ ಬಡಿಸಲು ಎದ್ದವರೇ ಬೇಗ ಮನೆಯವರಾಗುತ್ತಾರಲ್ಲ, ಹಾಗೆ.

ಏಪ್ರಿಲ್‌ನಲ್ಲಿ ಅವನು ಅಂಕಣಕ್ಕಿಳಿದ. ಕೊರೊನಾದಿಂದಾಗಿ ಕುರ್ಚಿಗಳು ಖಾಲಿ. ಇಪ್ಪತ್ತು ವರ್ಷದ ನಂತರ ಊರಿಗೆ ಬಂದವನಿಗೆ ಚಪ್ಪಾಳೆ ತಟ್ಟಲು ಊರೇ ಇಲ್ಲ. ನಾನು ಸಿಕ್ಕಿದ ತುಣುಕು ವಿಡಿಯೊಗಳನ್ನು ನೋಡುತ್ತಿದ್ದೆ. ಪ್ರೇಕ್ಷಕರ ಗದ್ದಲವಿಲ್ಲದ್ದರಿಂದ ಶೂ ಕಿರುಗುಟ್ಟುವುದು, ಬೆಂಚಿನ ಕೂಗು, ಎಲ್ಲ ಕೇಳುತ್ತಿತ್ತು. ನಮ್ಮ ತಾಲ್ಲೂಕು ಕ್ರೀಡಾಂಗಣದ ಪಂದ್ಯದಂತೆಯೇ ಇತ್ತು, ನೆಲ ಮಾತ್ರ ಮರದ್ದು.

ಮೊದಲಿನ ವೇಗ ಅವನಲ್ಲಿ ಉಳಿದಿರಲಿಲ್ಲ. ಓಡಿದರೆ ಜೋಪಾನವಾಗಿ ಓಡುತ್ತಿದ್ದ, ಒದ್ದೆ ಅಂಗಳ ದಾಟುವವರ ಹಾಗೆ. ಆದರೆ ಬುಟ್ಟಿಗೆ ಬೆನ್ನು ಮಾಡಿ ನಿಂತು ಚೆಂಡು ಕೈಗೆ ಬಂತೆಂದರೆ, ಯಾರು ಎಲ್ಲಿಂದ ನುಗ್ಗಿ ಬರುತ್ತಾರೆಂದು ತಿರುಗದೆಯೇ ತಿಳಿಯುತ್ತಿತ್ತು. ಆ ತಂಡದಲ್ಲಿ ನಿಕೋಲಾ ಮಿರೊಟಿಚ್ ಇದ್ದ, ಷಿಕಾಗೊ ಬುಲ್ಸ್‌ನಲ್ಲಿ ಎರಡು ಋತು ಪೌನ ಜೊತೆಗಾರನಾಗಿದ್ದವನು. ರಾಷ್ಟ್ರೀಯ ತಂಡದ ವಿಕ್ಟರ್ ಕ್ಲಾವೆರ್, ಅಲೆಕ್ಸ್ ಅಬ್ರಿನೆಸ್ ಇದ್ದರು. ನಾನು ಹುಡುಕುತ್ತಿದ್ದ ಹಳೆಯ ಗೆಳೆಯರು ಬಾರ್ಸಿಲೋನಾದ ಹಳೆಯ ತಂಡದವರಾಗಿರಲಿಲ್ಲ. ಬೇರೆ ಬೇರೆ ಊರು, ಬೇರೆ ಬೇರೆ ಬೇಸಿಗೆಗಳಲ್ಲಿ ಸಂಪಾದಿಸಿದವರು ಇಲ್ಲಿ ಅಕಸ್ಮಾತ್ತಾಗಿ ಒಟ್ಟಿಗೆ ಸಿಕ್ಕಿದ್ದರು.

ಮೇ ತಿಂಗಳಲ್ಲಿ ಕೊಲೋನ್‌ನಲ್ಲಿ ಯುರೋಲೀಗ್ ಫೈನಲ್. ಇಸ್ತಾನ್‌ಬುಲ್‌ನ ಎಫೆಸ್ ತಂಡ 86-81ರಿಂದ ಗೆದ್ದಿತು. ಎನ್‌ಬಿಎ, ವಿಶ್ವ, ಯುರೋಪಿನ ರಾಷ್ಟ್ರಗಳ ಪಟ್ಟ, ಎಲ್ಲವನ್ನೂ ಪಡೆದವನಿಗೆ ಈ ಒಂದು ಕಪ್ ದಕ್ಕಲಿಲ್ಲ. ಜೂನ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಅನ್ನು ಸೋಲಿಸಿ ಸ್ಪ್ಯಾನಿಷ್ ಲೀಗ್ ಗೆದ್ದರು. ಎದುರಾಳಿ ತಂಡದಲ್ಲಿ ರೂಡಿ ಫರ್ನಾಂಡೆಸ್, ಸೆರ್ಹಿಯೊ ಯುಲ್. ಕೆಲವೇ ವಾರಗಳಲ್ಲಿ ಇವರೆಲ್ಲ ಒಂದೇ ಅಂಗಿ ತೊಟ್ಟು ಟೋಕಿಯೋದಲ್ಲಿದ್ದರು, ಮಾರ್ಕ್ ಕೂಡ. ಪೌಗೆ ಅದು ಐದನೇ ಒಲಿಂಪಿಕ್ಸ್. ಕ್ವಾರ್ಟರ್ ಫೈನಲ್‌ನಲ್ಲಿ ಅಮೆರಿಕದೆದುರು 95-81ರ ಸೋಲು. ಅಲ್ಲಿಗೆ ಅಣ್ಣತಮ್ಮಂದಿರಿಬ್ಬರೂ ರಾಷ್ಟ್ರೀಯ ತಂಡ ಬಿಟ್ಟರು. ಅಕ್ಟೋಬರ್ 5ರಂದು, ಬಾರ್ಸಿಲೋನಾದ ಹಳೆಯ ಸಂಗೀತ ರಂಗಮಂದಿರವಾದ ಲಿಸೆಯುನಲ್ಲಿ ನಿಂತು, ಪೌ ಆಟಕ್ಕೇ ವಿದಾಯ ಹೇಳಿದ.

ಇಷ್ಟು ಹೇಳಿ ಸುಮ್ಮನಾದರೆ ನನಗೆ ಇದೆಲ್ಲ ಯಾಕೆ ಬೇಕಿತ್ತೆಂದು ಯಾರಿಗೂ ತಿಳಿಯುವುದಿಲ್ಲ.

ನಾನೂ ಐವರಲ್ಲಿ ಒಬ್ಬಳಾಗಿದ್ದೆ. ಪದವಿ ಕಾಲೇಜಿನ ಮೂರು ವರ್ಷ, ಬೆಳಗ್ಗೆ ಆರಕ್ಕೆ ಸಿಮೆಂಟಿನ ಅಂಕಣ, ಒಂದು ಬದಿಯ ಬುಟ್ಟಿಗೆ ಬಲೆಯೇ ಇರಲಿಲ್ಲ. ಅಂತರ ಕಾಲೇಜು ಪಂದ್ಯಗಳು, ಒಮ್ಮೆ ದಸರಾ ಕ್ರೀಡಾಕೂಟದ ವಿಭಾಗ ಮಟ್ಟ. ಅಷ್ಟೇ ನಮ್ಮ ಚರಿತ್ರೆ. ಕೊನೆಯ ಪರೀಕ್ಷೆ ಮುಗಿದ ವಾರವೇ ತಂಡ ಮುಗಿಯಿತು. ಯಾರೂ ವಿದಾಯ ಹೇಳಲಿಲ್ಲ, ಹೇಳಬೇಕೆಂದು ಗೊತ್ತಾಗಲೂ ಇಲ್ಲ. ಒಬ್ಬಳಿಗೆ ಜೂನ್‌ನಲ್ಲಿ ಮದುವೆ, ಒಬ್ಬಳು ಬಿ.ಎಡ್., ಒಬ್ಬಳು ಬ್ಯಾಂಕ್ ಕೋಚಿಂಗಿಗೆ ಧಾರವಾಡ. ನಮ್ಮಲ್ಲಿ ಹೆಣ್ಣುಮಕ್ಕಳು ಬಾಸ್ಕೆಟ್‌ಬಾಲ್ ಮುಂದುವರಿಸಬೇಕೆಂದರೆ ಬಹುಮಟ್ಟಿಗೆ ಕ್ರೀಡಾ ಕೋಟಾದ ಕೆಲಸ ಸಿಗಬೇಕು, ಅದೂ ರೈಲ್ವೆಯಂಥ ಕಡೆ. ಕೇರಳದ ಗೀತು ಅನ್ನಾ ಜೋಸ್ ಹಾಗೆ ದಕ್ಷಿಣ ರೈಲ್ವೆಯಿಂದ ಆಡಿ, ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೂ ಹೋಗಿ ಆಡಿ ಬಂದರು. ಅವರ ಫೋಟೊವನ್ನು ನಮ್ಮ ಪಾಯಿಂಟ್ ಗಾರ್ಡ್ ಹಾಸ್ಟೆಲ್ ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡಿದ್ದಳು. ಹೊರಗಡೆ ಅಂಟಿಸಿದರೆ ವಾರ್ಡನ್ ಕೀಳಿಸುತ್ತಿದ್ದರು.

ಮೊನ್ನೆ ಮೊನ್ನೆ ಆ ಪಾಯಿಂಟ್ ಗಾರ್ಡ್‌ಳ ಮಗುವಿನ ನಾಮಕರಣಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಏಳು ವರ್ಷದ ಮೇಲೆ ನಾಲ್ವರು ಒಂದೆಡೆ ಸೇರಿದ್ದೆವು. ಐದನೆಯವಳು ದೋಹಾದಲ್ಲಿದ್ದಾಳೆ, ವಿಡಿಯೊ ಕಾಲಿನಲ್ಲಿ ಮಗು ನೋಡಿದಳು. ಮಾತು ಶುರುವಾಗಲೇ ಇಲ್ಲ ಎಂದರೂ ನಡೆದೀತು. "ಏನೇ, ಇನ್ನೂ ಓದ್ತಾನೇ ಇದೀಯಾ?" ಎಂದು ಒಬ್ಬಳು ನನ್ನನ್ನು ಕೇಳಿದಳು. "ಮುಗೀತಾ ಬಂತು ಕಣೇ," ಎಂದೆ. ಪಿಎಚ್‌.ಡಿ. ಮಾಡುವವರೆಲ್ಲ ಹೇಳುವ ಮಾತದು, ಮೂರನೇ ವರ್ಷದಿಂದ. ಆಮೇಲೆ ಸೀರೆ, ಸೈಟು, ಯಾರದೋ ವರ್ಗಾವಣೆ.

ಊಟದ ಹೊತ್ತಿಗೆ ಎರಡನೇ ಪಂಕ್ತಿಗೆ ನೀರಿನ ಲೋಟ ಸಾಲದೆ ಬಂತು. ಅವಳು ಅಡುಗೆಮನೆ ಬಾಗಿಲಲ್ಲಿ, ಹೆಗಲ ಮೇಲೆ ಮಗು. ನಾನು ಪಂಕ್ತಿಯ ಆಚೆ ತುದಿಯಲ್ಲಿ ಉಪ್ಪಿನಕಾಯಿ ಬಡಿಸುತ್ತಿದ್ದೆ. ಅವಳು ಅತ್ತೆಯ ಕಡೆಗೆ ಮುಖ ಮಾಡಿ ಏನನ್ನೋ ಹೇಳುತ್ತಲೇ, ಬಲಗೈಯಲ್ಲಿದ್ದ ಕಾಗದದ ಲೋಟಗಳ ಪೊಟ್ಟಣವನ್ನು ನನ್ನತ್ತ ಒಗೆದಳು. ನನ್ನನ್ನು ನೋಡಲಿಲ್ಲ, ಹೆಸರು ಕೂಗಲಿಲ್ಲ. ಉಪ್ಪಿನಕಾಯಿ ಬಟ್ಟಲು ಎಡಗೈಗೆ ಬಂದು ಪೊಟ್ಟಣ ಬಲಗೈಗೆ ಬಿತ್ತು. ಎಲೆಯ ಮುಂದೆ ಕೂತಿದ್ದ ಅಜ್ಜನೊಬ್ಬರು ತಲೆ ತಗ್ಗಿಸಿದ್ದು ಕಾಣಿಸಿತು. "ಇದೇನಮ್ಮಾ ಇದು, ಹೆಣ್ಣುಮಕ್ಕಳು!" ಎಂದರು ಅವಳ ಅತ್ತೆ. ನಾವಿಬ್ಬರೂ ನಗಲಿಲ್ಲ. ಲೋಟ ಹಂಚುವುದಿತ್ತು.

ಸಂಜೆಯ ಬಸ್ಸಿನಲ್ಲಿ ಕೂತಾಗ ಪೌನ ಆ ಖಾಲಿ ಒಳಾಂಗಣದ ಆಟ ನೆನಪಾಯಿತು. ಕೂಡಿ ಆಡಿದ ಅಭ್ಯಾಸ ಕೈಯಲ್ಲಿ ಉಳಿಯುತ್ತದೆ. ಅದನ್ನು ಬಳಸಲು ಬೇಕಾದ ಅಂಕಣ, ಪಂದ್ಯ, ಬಿಡುವು ಉಳಿದಿರುತ್ತವೆಯೇ ಎಂಬುದು ಬೇರೆ ಮಾತು. ಅವನಿಗೆ ಅದನ್ನೆಲ್ಲ ಒದಗಿಸಲು ದೊಡ್ಡ ಕ್ಲಬ್ ಇತ್ತು, ವೈದ್ಯರ ದಂಡು ಇತ್ತು. ನಾಮಕರಣದ ಪಂಕ್ತಿಯಲ್ಲಿ ನಮಗೆ ಒಂದು ಪೊಟ್ಟಣ ಸಿಕ್ಕಿತು.

ಮಾರ್ಕ್ ಗಸೋಲ್ ಮಾಡಿದ್ದು ಇನ್ನೂ ವಿಚಿತ್ರ, ನನಗೆ ಅಣ್ಣನದ್ದಕ್ಕಿಂತ ಹೆಚ್ಚು ಇಷ್ಟವಾದದ್ದೂ ಅದೇ. ಎನ್‌ಬಿಎಗೆ ಹೋಗುವ ಮುನ್ನ ಅವನು ಎರಡು ವರ್ಷ ಜಿರೋನಾ ಎಂಬ ಸಣ್ಣ ನಗರದ ಕ್ಲಬ್ಬಿಗೆ ಆಡಿದ್ದ. ಅವನು ಹೋದ ವರ್ಷವೇ, 2008ರಲ್ಲಿ, ಹಣದ ಮುಗ್ಗಟ್ಟಿನಿಂದ ಆ ಕ್ಲಬ್ ದೊಡ್ಡ ಲೀಗ್‌ನಿಂದ ಹೊರಬಿತ್ತು. ಮರಳಿ ಹೋಗೋಣವೆಂದರೆ ಹೋಗಲು ಜಾಗವೇ ಇಲ್ಲ. 2014ರಲ್ಲಿ, ಅಮೆರಿಕದಲ್ಲಿ ಆಡುತ್ತಿರುವಾಗಲೇ, ಅವನು ಆ ಊರಿನಲ್ಲಿ ಹೊಸದೊಂದು ಕ್ಲಬ್ ಕಟ್ಟಿದ, ಮಕ್ಕಳ ತಂಡಗಳಿಂದ ಶುರುಮಾಡಿ. 2021ರ ಕೊನೆಗೆ, ಟೋಕಿಯೋ ಮುಗಿದ ಮೇಲೆ, ತಾನೇ ಅದರ ಅಂಗಿ ತೊಟ್ಟು ಎರಡನೇ ದರ್ಜೆಯ ಲೀಗ್‌ನಲ್ಲಿ ಆಡಿದ. ಕ್ಲಬ್ಬಿನ ಅಧ್ಯಕ್ಷನೂ ಅವನೇ, ಸೆಂಟರ್ ಆಟಗಾರನೂ ಅವನೇ. ಎರಡು ವರ್ಷದ ಹಿಂದೆ ಟೊರೊಂಟೊ ತಂಡದೊಂದಿಗೆ ಎನ್‌ಬಿಎ ಕಪ್ ಎತ್ತಿ, ಅದೇ ವರ್ಷ ಬೀಜಿಂಗ್‌ನಲ್ಲಿ ವಿಶ್ವಕಪ್ ಎತ್ತಿದ್ದವನು. 2022ರ ಜೂನ್‌ನಲ್ಲಿ ಜಿರೋನಾ ಮತ್ತೆ ದೊಡ್ಡ ಲೀಗ್‌ಗೆ ಏರಿತು. ಅವನ ಜೊತೆ ಆಡಿದ ಹುಡುಗರಿಗೆ ಅವನೊಬ್ಬ ಜೊತೆಗಾರನೋ ಸಂಬಳ ಕೊಡುವ ಯಜಮಾನನೋ, ಪಾಸು ತಪ್ಪಿದಾಗ ಬೈಯುವಂತಿತ್ತೋ ಇಲ್ಲವೋ ಎಂದು ಯೋಚಿಸಿ ನಾನು ಒಬ್ಬಳೇ ನಕ್ಕಿದ್ದಿದೆ.

ನಗು ಬಾರದ ಮರಳುವಿಕೆ ರಿಕಿ ರೂಬಿಯೊದು. ಬಾರ್ಸಿಲೋನಾಕ್ಕೆ ಅಂಟಿಕೊಂಡಂತಿರುವ ಬದಲೋನಾ ಊರಿನ ಹೂವೆಂತುತ್ ಕ್ಲಬ್ಬಿನಿಂದ 2005ರಲ್ಲಿ ಅವನು ಸ್ಪ್ಯಾನಿಷ್ ಲೀಗ್‌ಗೆ ಇಳಿದಾಗ 15 ಕೂಡ ತುಂಬಿರಲಿಲ್ಲ. ಅಲ್ಲಿಯವರೆಗೆ ಆ ಲೀಗ್ ಕಂಡ ಅತಿ ಕಿರಿಯ. ಟೋಕಿಯೋದ ಆ ಸೋತ ಪಂದ್ಯದಲ್ಲಿ ಅಮೆರಿಕದ ವಿರುದ್ಧ 38 ಅಂಕ ಗಳಿಸಿದವನು ಅವನೇ. ಬೀಜಿಂಗ್ ವಿಶ್ವಕಪ್‌ನ ಶ್ರೇಷ್ಠ ಆಟಗಾರನೂ ಅವನೇ. ಆದರೆ 2023ರ ಬೇಸಿಗೆಯಲ್ಲಿ, ಮತ್ತೊಂದು ವಿಶ್ವಕಪ್‌ನ ತಯಾರಿ ಶಿಬಿರದ ಹೊತ್ತಿಗೆ, ಅವನು ಆಟ ನಿಲ್ಲಿಸಿದ. ಮನಸ್ಸಿನ ಆರೋಗ್ಯ ನೋಡಿಕೊಳ್ಳಬೇಕು ಎಂದ. ಜುಲೈ 30ರ ರಾತ್ರಿ ತನ್ನ ಬದುಕಿನ ಅತಿ ಕಷ್ಟದ ರಾತ್ರಿಗಳಲ್ಲೊಂದು, ಮನಸ್ಸು ಕತ್ತಲಿನ ಕಡೆ ಹೋಗಿತ್ತು ಎಂಬರ್ಥದ ಮಾತುಗಳನ್ನು ಆಮೇಲೆ ತಾನೇ ಬರೆದ. 2024ರ ಜನವರಿಯಲ್ಲಿ ಎನ್‌ಬಿಎ ಬಿಟ್ಟ. ಫೆಬ್ರವರಿಯಲ್ಲಿ ಬಾರ್ಸಿಲೋನಾಕ್ಕೆ ಮರಳಿದ, ಆ ಋತು ಮುಗಿಯುವವರೆಗೆ ಆಡಿದ. ಮತ್ತೆ ಒಂದು ವರ್ಷ ಯಾವ ತಂಡದಲ್ಲೂ ಇರಲಿಲ್ಲ.

ಹಾಸ್ಟೆಲಿನಲ್ಲಿ, ಲೈಬ್ರರಿಯಲ್ಲಿ, ಒಂದು ದಿನ ಇದ್ದಕ್ಕಿದ್ದಂತೆ ಬರುವುದನ್ನೇ ಬಿಟ್ಟ ಒಂದಿಬ್ಬರು ಸಂಶೋಧಕರನ್ನು ನಾನು ಬಲ್ಲೆ. ಅವರ ಮೇಜು ಸ್ವಲ್ಪ ದಿನ ಖಾಲಿಯಿದ್ದು ಆಮೇಲೆ ಬೇರೆಯವರ ಪಾಲಾಗುತ್ತದೆ. ಅವರ ಬಗ್ಗೆ ನಾವು ತಗ್ಗಿದ ದನಿಯಲ್ಲಿ ಮಾತಾಡುತ್ತೇವೆ, ಫೋನ್ ಮಾಡುವುದು ಕಡಿಮೆ. ಬಂದರೆ ಏನು ಕೇಳಬೇಕು, ಏನು ಕೇಳಬಾರದು ತಿಳಿಯದು. ಮರಳುವವನಿಗೆ ಮುರಿದ ಪಾದವಾದರೆ ಎಕ್ಸ್-ರೇ ಇದೆ, ವಾಸಿಯಾಯಿತೆಂದು ತೋರಿಸಬಹುದು. ರೂಬಿಯೊ ಯಾವ ಫಿಲ್ಮನ್ನು ತೋರಿಸಬೇಕು?

2025ರ ಬೇಸಿಗೆಯಲ್ಲಿ ಅವನು ಹೂವೆಂತುತ್ ಸೇರಿದ. ಅದೇ ಬದಲೋನಾ, ಅದೇ ಹಸಿರು ಕಪ್ಪು ಅಂಗಿ, ಇಪ್ಪತ್ತು ವರ್ಷದ ನಂತರ. ಅಂದು ಅವನ ಜೊತೆ ಓಡುತ್ತಿದ್ದ ರೂಡಿ ಫರ್ನಾಂಡೆಸ್ ಪ್ಯಾರಿಸ್ ಒಲಿಂಪಿಕ್ಸ್ ಮುಗಿಸಿ 2024ರಲ್ಲೇ ಆಟ ಬಿಟ್ಟಿದ್ದ. ತಂಡದ ಅತಿ ಕಿರಿಯನಾಗಿದ್ದವನು ಈಗ ಹಿರಿಯರಲ್ಲೊಬ್ಬ, ಪಕ್ಕದಲ್ಲಿ ಕೂತ ಕೆಲವರು ಅವನು ಮೊದಲ ಪಂದ್ಯ ಆಡಿದ ಕಾಲಕ್ಕೆ ಹುಟ್ಟಿಯೂ ಇರಲಿಲ್ಲವೇನೊ.

ಈಗ ಸೋಮವಾರ ಬೆಳಗ್ಗೆ ಲೈಬ್ರರಿಗೆ ಹೊರಡುವ ಮುಂಚೆ ಹಿಂದಿನ ರಾತ್ರಿಯ ಸ್ಪ್ಯಾನಿಷ್ ಲೀಗ್ ಫಲಿತಾಂಶ ತೆರೆದು ನೋಡುತ್ತೇನೆ. ಗೆದ್ದವರು ಯಾರೆಂದು ಆಮೇಲೆ. ಮೊದಲು ಬದಲೋನಾದ ಪಟ್ಟಿಯಲ್ಲಿ ಬೆರಳಿಟ್ಟು ಅವನ ಹೆಸರು ಹುಡುಕುತ್ತೇನೆ, ಪಕ್ಕದಲ್ಲಿ ಎಷ್ಟು ನಿಮಿಷ ಆಡಿದನೆಂದು ಬರೆದಿರುತ್ತದೆ. ಸೊನ್ನೆ ಇಲ್ಲದಿದ್ದರೆ ಚೀಲ ಹೆಗಲಿಗೇರಿಸಿ ಹೊರಡುತ್ತೇನೆ.